ನಲವತ್ತು ಕಾಲಿನ ತೊಗಲು

ಮೂಡಲಗಿಯಲ್ಲಿ ಟಿ.ವಿ. ರಿಪೇರಿ ಮಾಡುವ ಮಾಲಿಂಗಪ್ಪನ ಮನೆಯಲ್ಲಿ ಇರುವುದು ಒಂದೇ ಮೇಜು. ಅದರ ಮೇಲೆ ಊಟದ ತಟ್ಟೆ ಇಟ್ಟು ವರ್ಷಗಳೇ ಆದವು. ಅಲ್ಲಿ ಅವನೇ ಕೈಯಾರೆ ಕಟ್ಟಿದ, ಹಳೇ ಕಾಲದ ಮಾದರಿಯ ಕಂಪ್ಯೂಟರ್ ಹರಡಿಕೊಂಡು ಕೂತಿದೆ. ಅದು ಕಲಿತ ವಿದ್ಯೆ ಒಂದೇ. ಚಾಲೂ ಮಾಡಿದರೆ ಹಳೆಯ ಟಿ.ವಿ.ಯ ಪರದೆಯ ಮೇಲೆ, ಅವನು ಚುಕ್ಕೆ ಚುಕ್ಕೆ ಪೋಣಿಸಿದ ಕನ್ನಡ ಅಕ್ಷರಗಳಲ್ಲಿ, “ಊಟ ಆತೇನ?” ಎಂದು ಕೇಳುತ್ತದೆ. ಇಷ್ಟನ್ನು ಬಾಜೂ ಮನೆಯ ಕೆಂಪವ್ವ ಪುಕ್ಕಟೆ ಕೇಳುತ್ತಾಳಲ್ಲ ಎಂಬುದು ಹೆಂಡತಿ ಸತ್ತೆವ್ವನ ತಕರಾರು.

ಹುಕ್ಕೇರಿಯಿಂದ ಬಂದ ಭಾವಮೈದುನ ಸಿದ್ರಾಮನ ಮುಂದೆ ಜಂಬ ಕೊಚ್ಚುತ್ತ, ಮಾಲಿಂಗಪ್ಪ ಅದರ ಪ್ರೊಸೆಸರ್ ಕಿತ್ತು ತೋರಿಸಿದ. ತಿರುಗಿ ಕೂರಿಸುವಾಗ ಹಿಂದುಮುಂದು ಮಾಡಿ, ಹಾಗೆಯೇ ಚಾಲೂ ಮಾಡಿದ. ಯಂತ್ರದ ಮಿದುಳು ಸುಟ್ಟ ವಾಸನೆ ಬಿಟ್ಟು ಸತ್ತೇಹೋಯಿತು. ಸತ್ತೆವ್ವನಿಗೆ ಹಾಲು ಕುಡಿದಷ್ಟು ಸಂತೋಷ. ಬರುವ ಸಂತೆಯ ದಿನದೊಳಗೆ ಅದು ಎದ್ದು ಮಾತಾಡದಿದ್ದರೆ ಯಂತ್ರ ಗುಜರಿಯವನಿಗೆ, ಮೇಜು ತನಗೆ ಎಂದುಬಿಟ್ಟಳು.

ಬದಲಿ ಹುಡುಕುವುದು ಹೆಣ್ಣು ನೋಡುವುದಕ್ಕಿಂತ ಕಷ್ಟವಾಯಿತು. ಅಂಥ ಹಳೇ ಪ್ರೊಸೆಸರ್ ಈಗ ಯಾರೂ ಮಾಡುವುದಿಲ್ಲ. ಸಿದ್ರಾಮ ಹುಕ್ಕೇರಿಯಿಂದ ಒಂದನ್ನು ಕಳಿಸಿದ. ಅದಕ್ಕೂ ಹಳೆಯದರಂತೆ ಸರಿಯಾಗಿ ನಲವತ್ತು ಲೋಹದ ಕಾಲು. ಆದರೆ ಕಾಲುಗಳ ಕೆಲಸ ಬೇರೆ, ಮಾಲಿಂಗಪ್ಪ ಪ್ರೋಗ್ರಾಮ್ ಬರೆದ ಭಾಷೆಯೂ ಅದಕ್ಕೆ ತಿಳಿಯುವುದು ಅರ್ಧಂಬರ್ಧ. ಗೋಕಾಕದಲ್ಲಿ ಸಿಕ್ಕ ಇನ್ನೊಂದಕ್ಕೆ ಬುದ್ಧಿ ಹಳೆಯದರದ್ದೇ. ಮೈ ಮಾತ್ರ ಚೌಕ, ಕಾಲು ನಲವತ್ನಾಲ್ಕು, ಹಳೇ ಜಾಗದಲ್ಲಿ ಕೂರುವುದೇ ಇಲ್ಲ. ಎರಡನ್ನೂ ಅಂಗೈ ಮೇಲಿಟ್ಟುಕೊಂಡು ಅವನು ಉಣ್ಣುವುದನ್ನೂ ಮರೆತ.

ಸತ್ತೆವ್ವ ಮಸಗುಪ್ಪಿಯ ಕುರಿಗಾರರ ಮಗಳು. ನೋಡಿ ನೋಡಿ ಬೇಸತ್ತು ಒಂದು ಮಾತು ಎಸೆದಳು.

“ಮರಿ ಸತ್ತ ಕುರಿ ಬ್ಯಾರೆ ಮರೀನ ಹತ್ರ ಸೇರಸಂಗಿಲ್ಲ. ಸತ್ತ ಮರಿ ತೊಗಲ ಅದಕ್ಕ ಹೊಚ್ಚಿ ಬಿಟ್ರ, ತನ್ನ ಮರೀನ ಅಂತ ತಿಳ್ದು ಹಾಲು ಕುಡಸತೈತಿ. ನೀವೂ ಅದಕ್ಕೊಂದ ತೊಗಲ ಹೊಚ್ರಿ.”

ಅಣಕಿಸಲು ಅಂದ ಮಾತನ್ನೇ ಮಾಲಿಂಗಪ್ಪ ಗಟ್ಟಿಯಾಗಿ ಹಿಡಿದುಕೊಂಡ. ಚೌಕದ ಪ್ರೊಸೆಸರನ್ನು ಒಂದು ಪುಟ್ಟ ಹಲಗೆಯ ಮೇಲೆ ಕೂರಿಸಿ, ಹಲಗೆಯ ಕೆಳಗೆ ಹಳೆಯದರಂತೆಯೇ ನಲವತ್ತು ಕಾಲು ಬೆಸೆದು, ನಡುವೆ ತಂತಿ ಎಳೆದ. ಈ ಸಲ ಹಿಂದುಮುಂದು ಚೆನ್ನಾಗಿ ನೋಡಿಯೇ ಒತ್ತಿದ.

ಸಂತೆಯ ದಿನ ಗುಜರಿ ಗಾಡಿಯವನು ಓಣಿಯಲ್ಲಿ ಕೂಗುತ್ತಿದ್ದಾಗಲೇ ಪರದೆ ಬೆಳಗಿತು. ಚುಕ್ಕೆಗಳು ಒಂದೊಂದಾಗಿ ಕೂಡಿ “ಊಟ ಆತೇನ?” ಎಂದವು. ಮಾಲಿಂಗಪ್ಪನಿಗೆ ಕಣ್ಣು ತುಂಬಿ ಬಂತು.

ಮೇಜು ಕೈತಪ್ಪಿತೆಂದು ಸತ್ತೆವ್ವ ಸಿಟ್ಟಾಗಲಿಲ್ಲ. ಪರದೆಯತ್ತ ಕೈ ತೋರಿಸಿದಳು.

“ಯಂತ್ರಕ್ಕ ಕೇಳಾಕ ಕಲಿಸೀರಿ,” ಎಂದಳು. “ನೀವ ನನ್ನ ಯಾವತ್ತರ ಕೇಳೀರೇನ್ರಿ?”

ಗಾಡಿಯವನು ಓಣಿ ದಾಟುವಷ್ಟರಲ್ಲಿ ಮಾಲಿಂಗಪ್ಪ ಯಂತ್ರವನ್ನೆತ್ತಿ ಕಪಾಟಿನ ಮೇಲಿಟ್ಟು, ಮೇಜು ಒರೆಸಿ, ಎರಡು ತಟ್ಟೆ ತಂದಿಟ್ಟ.