ಮೇಸ್ತ್ರಿ ಚಾಚಾನ ಓರೆ ದವಡೆ

ಅವರ ಕೆಳದವಡೆ ಎಡಕ್ಕೆ ವಾಲಿತ್ತು. ಬೈಯುವಾಗ ಅದು ಇನ್ನಷ್ಟು ಸರಿದು, ಹಲ್ಲು ಉದುರಿದ ಜಾಗ ಕಪ್ಪಗೆ ಕಾಣುತ್ತಿತ್ತು. ಬೈಯದೆ ಇರುತ್ತಿದ್ದ ಹೊತ್ತು ಕಡಿಮೆ. ಹಾಗಾಗಿ ಅವರ ಮುಖ ನೆನೆದಾಗಲೆಲ್ಲ ಮೊದಲು ಎದುರಾಗುವುದು ಆ ಖಾಲಿ ಜಾಗವೇ.

ಕೊಟ್ಟೂರಿನ ಕೂಡ್ಲಿಗಿ ರಸ್ತೆಯಲ್ಲಿ ಅವರ ಗ್ಯಾರೇಜು. ಊರಿಗೆಲ್ಲ ಮೇಸ್ತ್ರಿ, ನನಗೂ ಅಕ್ಕನಿಗೂ ಚಾಚಾ. ಬ್ರೇಕಿನ ವಿಷಯ ಬಂದರೆ ಕೈ ಮೊದಲು, ಬಾಯಿ ಆಮೇಲೆ. ಹಂಪಸಾಗರದ ಗೂಡ್ಸ್ ಆಟೋದವನೊಬ್ಬ, ಬ್ರೇಕು ಕಿರಿಚುತ್ತದೆಂದು ಚಕ್ರದ ಡ್ರಮ್ಮಿನೊಳಗೆ ಎಣ್ಣೆ ಬಿಟ್ಟುಕೊಂಡು ಬಂದಿದ್ದ. ಅವನ ಕಪಾಳಕ್ಕೆ ಬಾರಿಸಿ, ಆಟೋದ ಕೀಲಿಯನ್ನು ಚರಂಡಿಗೆ ಎಸೆದರು. "ನಿನ್ನ ಹೆಂಡ್ತಿ ಒದರಿದ್ರ ಆಕಿ ಬಾಯಾಗೂ ಎಣ್ಣಿ ಸುರೀತಿಯೇನಲೇ?"

ಡ್ರಮ್ಮಿಗೆ ಎಣ್ಣೆ ಮೆತ್ತಿದ್ದರೆ ಪೆಟ್ರೋಲಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ನೋಡುತ್ತಿದ್ದರು. ಅದಕ್ಕೆ ಒತ್ತಿಕೊಂಡು ಚಕ್ರ ನಿಲ್ಲಿಸುವ ಲೈನರಿಗೆ ಎಣ್ಣೆ ಇಳಿದಿದ್ದರೆ ಮಾತ್ರ ತೊಳೆಯುತ್ತಿರಲಿಲ್ಲ. ಮಾಲೀಕನ ಕಣ್ಣೆದುರೇ ಸುತ್ತಿಗೆಯಿಂದ ಒಡೆಯುತ್ತಿದ್ದರು, ಅವನು ಅದನ್ನು ಇನ್ನೊಂದು ಗ್ಯಾರೇಜಿಗೆ ಒಯ್ದು ಮತ್ತೆ ಹಾಕಿಸಬಾರದೆಂದು. "ಮ್ಯಾಲೆ ತೊಳಿಬಹುದು, ಕುಡಿದದ್ದು ಹೊಟ್ಟ್ಯಾಗ ಐತಿ. ಇಳಿಜಾರಿನಾಗ ಕಾದ ಮ್ಯಾಲ ಕಾರತೈತಿ" ಎನ್ನುವರು.

ಅಕ್ಕನ ಮದುವೆ ಗಂಡಿನ ಊರಲ್ಲಿ, ಗುಡೇಕೋಟೆಯ ಗುಡ್ಡಗಳ ಆಚೆ. ಹಿಂದಿನ ಮಧ್ಯಾಹ್ನ ನಮ್ಮ ಮಂದಿಯೆಲ್ಲ ಟೆಂಪೋ ಹತ್ತಿ ಹೊರಟಿದ್ದೆವು. ಗ್ಯಾರೇಜಿನ ಮುಂದೆ ಹಾಯುವಾಗ ಹಿಂದಿನ ಚಕ್ರದಿಂದ ಎಣ್ಣೆ ಸೋರುವುದನ್ನು ಕಂಡ ಚಾಚಾ ರಸ್ತೆಗೆ ಅಡ್ಡ ನಿಂತರು. ಚಕ್ರ ಬಿಚ್ಚಿದರೆ ಒಳಗೆಲ್ಲ ಎಣ್ಣೆಯಲ್ಲಿ ಕಲಸಿದ ಬೂದಿ.

"ಬೂದಿ ಹಾಕಿ ತಿಕ್ಕೀನಿ ಮೇಸ್ತ್ರಿ, ಹಿಡೀತೈತಿ" ಎಂದ ಡ್ರೈವರ್.

"ಪಾತ್ರಿ ತಿಕ್ಕಾಕ ಬಂದಿಯೇನಲೇ?" ಚಾಚಾ ಅವನ ಕತ್ತು ಹಿಡಿದು ಮುಖವನ್ನು ಆ ರಾಡಿಗೆ ಒತ್ತಿದರು. ಎತ್ತಿದಾಗ ಅವನ ಮೂಗಿನಿಂದ ರಕ್ತ.

ಆ ಗಾಡಿಯ ಲೈನರ್ ಊರಲ್ಲಿ ಸಿಗುವಂತಿರಲಿಲ್ಲ, ಮರುದಿನ ಹೊಸಪೇಟೆಯಿಂದ ಬರಬೇಕು. ಅಪ್ಪ ಕೆಳಗಿಳಿದು ಕೈಮುಗಿದರು. "ಇವತ್ತೊಂದಿನ ತೊಳದು ಹಾಕ್ರಿ ಮೇಸ್ತ್ರಿ. ಬೆಳಿಗ್ಗಿ ಮುಹೂರ್ತ. ತಪ್ಪಿದ್ರ ನನ್ನ ಮಗಳ ಗತಿ ಏನ್ರಿ?"

ಚಾಚಾ ಲೈನರನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆ ಇಳಿಸಿದರು. ಅದು ಚೂರಾಗಿ ಹಾರಿತು.

ಮುಂದಿನದನ್ನು ನಾನು ಕಂಡೆನೋ, ಆಮೇಲೆ ಮನಸ್ಸಿನಲ್ಲೇ ಕಟ್ಟಿಕೊಂಡೆನೋ ಗೊತ್ತಿಲ್ಲ. ಗಂಡಸರು ಅವರ ಮೇಲೆ ಬಿದ್ದರು. ಒದೆತ, ಹರಿದ ಅಂಗಿ, ಗಾಳಿಯಲ್ಲಿ ಎದ್ದ ಚಕ್ರ ಬಿಚ್ಚುವ ಪಾನಾ, ಹಸಿ ಕಟ್ಟಿಗೆ ಮುರಿದಂಥ ಸದ್ದು. ಚಾಚಾ ಡ್ರಮ್ಮಿನ ಮೇಲೆ ಬೋರಲು ಬಿದ್ದರು. ಎದ್ದು ಕೂತವರು ಬಾಯಿ ಮುಟ್ಟಿಕೊಳ್ಳಲಿಲ್ಲ. ಪೆಟ್ರೋಲ್ ಬಟ್ಟೆ ಎಳೆದುಕೊಂಡು ಡ್ರಮ್ಮಿಗೆ ಬಿದ್ದ ತಮ್ಮ ರಕ್ತ ಒರೆಸಿದರು. ಇದೊಂದನ್ನು ನಂಬುತ್ತೇನೆ. ಇಂಥದ್ದನ್ನು ಕಟ್ಟುವ ಶಕ್ತಿ ನನಗಿಲ್ಲ.

ಸಂಜೆಯ ಬಸ್ಸಿಗೆ ಟ್ರಂಕು, ಬುಟ್ಟಿ ತುರುಕಿ ಹೋದೆವು. ಮುಹೂರ್ತ ತಪ್ಪಲಿಲ್ಲ. ಮದುವೆಯ ವಿಡಿಯೋ ಶುರುವಾಗುವುದು ಅಕ್ಕ ಬಸ್ಸಿಳಿಯುವಲ್ಲಿಂದ. ಗ್ಯಾರೇಜಿನ ಮುಂದೆ ಎಲ್ಲರ ಕೈಯಲ್ಲೂ ಮೊಬೈಲ್ ಇತ್ತು, ಯಾರೂ ಎತ್ತಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಆಗದೇ ಹೋದ ಅಪಘಾತಕ್ಕೆ ಪುರಾವೆ ಎಲ್ಲಿಂದ ತರಲಿ? ಆ ಟೆಂಪೋ ಕ್ಷೇಮವಾಗಿಯೇ ಗುಡ್ಡ ಇಳಿಯುತ್ತಿತ್ತೇನೋ. ಪಾನಾ ಹಿಡಿದ ಕೈ ಡ್ರೈವರನದೆಂದು ನನ್ನ ನೆನಪು. ಕಿಟಕಿಯ ಪಕ್ಕ ಕೂತಿದ್ದ ಅಕ್ಕ ಅದನ್ನು ಒಪ್ಪುವುದಿಲ್ಲ. "ಡ್ರೈವರ್ ನಳದ ಹತ್ರ ಮಾರಿ ತೊಳ್ಕೊಂತಿದ್ದ. ಹೊಡದದ್ದು ಅಪ್ಪ ಲೇ."

ನಮಗೊಮ್ಮೆಯೂ ಕೈ ಎತ್ತದ ಅಪ್ಪ. ಆಮೇಲೆ ಅವರು ಪೇಟೆಗೆ ಸುತ್ತುದಾರಿ ಹಿಡಿದು ಹೋಗತೊಡಗಿದ್ದು ನಿಜ. ಆದರೆ ಗ್ಯಾರೇಜಿನ ರಸ್ತೆ ಅಗೆದದ್ದೂ ಆಗಲೇ. ತಡೆಯಲಾರದೆ ಒಂದು ದಿನ ಗ್ಯಾರೇಜಿಗೆ ಹೋಗಿ ಚಾಚಾರನ್ನೇ ಕೇಳಿದೆ.

"ಯಾರು ಹೊಡದ್ರೇನು? ಲೈನರ್ ಒಡೀತಲ್ಲ" ಎಂದು ನಕ್ಕರು. ದವಡೆ ಎಡಕ್ಕೆ ಸರಿಯಿತು. "ನಿಮ್ಮಕ್ಕ ಅರಾಮ ಅದಾಳಿಲ್ಲ?"

"ಅದಾಳ ಚಾಚಾ. ಮಗು ಆಗೈತಿ."

"ಮತ್ತೇನ್ ಬೇಕಲೇ ನಿನಗ? ಆ ಪಾನಾ ಕೊಡು ಇಲ್ಲಿ."

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ನಾನು ಹೊರಟಾಗ ಅಪ್ಪ ಕೇಳದೆಯೇ ನನ್ನ ಬೈಕಿನ ಹಿಂದೆ ಹತ್ತಿ ಕೂತರು. ಚಾಚಾನ ಮನೆಯಂಗಳದಲ್ಲಿ ಅವರ ಮುಖ ತೋರಿಸುತ್ತಿದ್ದರು. ಗದ್ದದ ಕೆಳಗಿಂದ ನೆತ್ತಿಯವರೆಗೆ ಬಿಳಿಬಟ್ಟೆ ಬಿಗಿದು ಕಟ್ಟಿದ್ದರಿಂದ ದವಡೆ ಒಂದಿಷ್ಟೂ ಓರೆ ಇರಲಿಲ್ಲ. ಅಪ್ಪ ಬಗ್ಗಿ ಬಹಳ ಹೊತ್ತು ನೋಡಿದರು.

"ದವಡಿ ನೆಟ್ಟಗ ಕುಂದರ್ಸೀರಲ್ಲ" ಎಂದರು ಚಾಚಾನ ತಮ್ಮನಿಗೆ.

"ಹೌದ್ರಿ. ಕಟ್ಟೀವಲ್ಲ, ಅದಕ್ಕ."

ಅಪ್ಪನ ಬಲಗೈ ಆ ದವಡೆಯ ಎಡಬದಿಯವರೆಗೆ ಹೋಯಿತು. ಮುಟ್ಟಲಿಲ್ಲ. ಎಡಗೈಯಿಂದ ಆ ಬಲಗೈಯ ಮಣಿಕಟ್ಟು ಹಿಡಿದು, ಎಳೆದು, ಬೆನ್ನ ಹಿಂದೆ ಇಟ್ಟುಕೊಂಡರು. ಮನೆಗೆ ಮರಳುವಾಗ ಗ್ಯಾರೇಜಿನ ರಸ್ತೆಯಲ್ಲೇ ಹೋಗು ಎಂದರು.