ಬಸ್ ಎತ್ತಿದವನ ನಿದ್ದೆ

ಆ ಸಿನಿಮಾದ ಪೋಸ್ಟರನ್ನು ಚಾಮರಾಜನಗರದ ಬಸ್ ನಿಲ್ದಾಣದ ಹತ್ತಿರದ ಗೋಡೆಗೆ ಅಂಟಿಸಿದ್ದು ಒಂದು ಸೋಮವಾರ. ಹರವೆಯಿಂದ ನಾವು ಬರುತ್ತಿದ್ದ ಬೆಳಗಿನ ಬಸ್ಸು ಅದರ ಮುಂದೆಯೇ ತಿರುಗುತ್ತಿತ್ತು. ಲುಂಗಿ ಎತ್ತಿ ಕಟ್ಟಿದ, ಬನಿಯನ್ ತೊಟ್ಟ ಸಾಧಾರಣ ಮೈಕಟ್ಟಿನ ಒಬ್ಬ ಮನುಷ್ಯ ಒಂದೇ ಕೈಯಲ್ಲಿ ಒಂದು ಕೆಂಪು ಬಸ್ಸನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಕಿಟಕಿಗಳಲ್ಲಿ ಮಕ್ಕಳ ಮುಖ. ಮೂಲೆಯಲ್ಲಿ ದಪ್ಪ ಮೀಸೆಯ ಖಳನಾಯಕ, ಹಿಂದೆ ಆಕಾಶದ ತುಂಬ ಮಿಂಚು. ಕನ್ನಡದ್ದೇ ಸಿನಿಮಾ, ಆದರೆ ನಾಯಕ ಹೊಸಬ. ಅವನ ಮುಖವನ್ನು ನಮ್ಮಲ್ಲಿ ಯಾರೂ ಅದಕ್ಕೆ ಮುಂಚೆ ನೋಡಿರಲಿಲ್ಲ.

ತೊಂಬತ್ತರ ದಶಕದ ನಡುಭಾಗ ಅದು. ನನಗೆ ಹತ್ತೊಂಬತ್ತು ವರ್ಷ. ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಎರಡು ಸಲ ಫೇಲಾಗಿ, ಪಟ್ಟಣದ ಅಂಚಿನಲ್ಲಿದ್ದ ರೇಷ್ಮೆ ನೂಲು ತೆಗೆಯುವ ಒಂದು ಚಿಕ್ಕ ಘಟಕದಲ್ಲಿ ಕೆಲಸಕ್ಕೆ ಸೇರಿದ್ದೆ. ಸಾಲಾಗಿ ಎಂಟು ಬೇಸಿನ್, ಒಂದೊಂದಕ್ಕೂ ಒಬ್ಬಳು ಹೆಂಗಸು. ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಹಿಡಿದು ಹಿಂದೆ ತಿರುಗುವ ರಾಟೆಗೆ ಕೊಡಬೇಕು. ಎಳೆ ಕಡಿದರೆ ತಕ್ಷಣ ಹುಡುಕಿ ಕೂಡಿಸಬೇಕು. ಇಡೀ ದಿನ ಬೆರಳು ನೀರಿನಲ್ಲೇ ಇರುತ್ತಿದ್ದರಿಂದ ಸಂಜೆ ಊಟದ ತಟ್ಟೆ ಹಿಡಿದರೂ ಅದು ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ. ಬೆಂದ ಹುಳುವಿನ ವಾಸನೆ ಸೀರೆಯಲ್ಲಿ, ಜಡೆಯಲ್ಲಿ ಕೂತುಬಿಡುತ್ತಿತ್ತು. ಬಸ್ಸಿನಲ್ಲಿ ನಮ್ಮ ಪಕ್ಕ ಯಾರೂ ಕೂರುತ್ತಿರಲಿಲ್ಲವಾದ್ದರಿಂದ ನಮಗೆ ಯಾವಾಗಲೂ ಸೀಟು ಸಿಗುತ್ತಿತ್ತು.

ನನ್ನ ಪಕ್ಕದ ಬೇಸಿನ್ನಿನಲ್ಲಿ ಕೂರುತ್ತಿದ್ದವಳು ನಮ್ಮೂರಿನ ಸೊಸೆ. ನನಗಿಂತ ಆರೇಳು ವರ್ಷ ದೊಡ್ಡವಳು, ನಾನು ಅಕ್ಕ ಎನ್ನುತ್ತಿದ್ದೆ. ತವರು ಗುಂಡ್ಲುಪೇಟೆ ಕಡೆಯ ಭೀಮನಬೀಡು. ಮಾತು ಕಡಿಮೆ, ಕೈ ಮಾತ್ರ ಬಲು ಚುರುಕು. ನಾವು ಒಂದು ಎಳೆ ಹುಡುಕುವಷ್ಟರಲ್ಲಿ ಅವಳು ಮೂರು ಕೂಡಿಸಿರುತ್ತಿದ್ದಳು. ಹಾಗಾಗಿ ಯಾರದ್ದು ಕಡಿದರೂ "ಅಕ್ಕಾ, ಒಂಚೂರು" ಅನ್ನುವುದು ನಮಗೆಲ್ಲ ಬಾಯಿಗೆ ಬಂದುಹೋಗಿತ್ತು. ಅವಳು ಎದ್ದು ಬಂದು ಕೂಡಿಸಿಕೊಟ್ಟು ತನ್ನ ಜಾಗಕ್ಕೆ ಹೋಗುತ್ತಿದ್ದಳು.

ನನಗಿದ್ದ ಒಂದೇ ಹೆಚ್ಚುಗಾರಿಕೆ ಕತೆ ಕಟ್ಟುವುದು. ಪೋಸ್ಟರ್ ನೋಡಿದ ದಿನದಿಂದಲೇ ಆ ಸಿನಿಮಾದ ಕತೆಯನ್ನು ನಾನೇ ಹೇಳತೊಡಗಿದೆ. ಸಿಡಿಲು ಬಡಿದು ಅವನಿಗೆ ಶಕ್ತಿ ಬರುತ್ತದೆ, ಗುಡ್ಡದಿಂದ ಗುಡ್ಡಕ್ಕೆ ನೆಗೆಯುತ್ತಾನೆ, ಮೀಸೆಯವನನ್ನು ಕಾಲು ಹಿಡಿದು ತಿರುಗಿಸಿ ಕೆರೆಗೆ ಎಸೆಯುತ್ತಾನೆ ಎಂದೆಲ್ಲ ದಿನಕ್ಕೊಂದು ಸಾಹಸ ಸೇರಿಸುತ್ತ ಹೋದೆ. ಶನಿವಾರದ ಹೊತ್ತಿಗೆ ಎಂಟೂ ಬೇಸಿನ್ನಿನವರು ಅವನಿಗಾಗಿ ಕಾಯುತ್ತಿದ್ದರು. ಭಾನುವಾರ ರಜೆ. ನಮ್ಮಲ್ಲಿ ಆರು ಜನ ಮ್ಯಾಟಿನಿಗೆ ಹೋದೆವು.

ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಅರ್ಧ ನಾನು ಹೇಳಿದ ಹಾಗೇ ನಡೆಯಿತು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೆ ಸಿಡಿಲು ಬಡಿಯಿತು. ಹಳ್ಳಕ್ಕೆ ಉರುಳಿದ ಶಾಲಾ ಮಕ್ಕಳ ಬಸ್ಸನ್ನು ಅವನು ಎತ್ತಿ ದಡಕ್ಕಿಟ್ಟ. ಶಿಳ್ಳೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕಾಯಿತು. ಪಕ್ಕದವಳು ನನ್ನ ತೊಡೆಗೆ ಹೊಡೆದು ಹೊಗಳಿದಳು.

ಮಧ್ಯಂತರದ ನಂತರ ಅವನು ಯಾರಿಗೂ ಹೊಡೆಯಲಿಲ್ಲ. ಊರಿನವರು ಒಬ್ಬೊಬ್ಬರಾಗಿ ಅವನ ಮನೆಗೆ ಬರತೊಡಗಿದರು. ಬಾವಿಯಲ್ಲಿ ಬಿದ್ದ ಬಂಡೆ ತೆಗೆಸಬೇಕಿತ್ತು ಒಬ್ಬನಿಗೆ, ಮರದ ಬೊಡ್ಡೆ ಕೀಳಿಸಬೇಕಿತ್ತು ಇನ್ನೊಬ್ಬನಿಗೆ. ಮುದುಕಿಯೊಬ್ಬಳು ರುಬ್ಬುಗುಂಡನ್ನು ಹಿತ್ತಿಲಿಂದ ಅಡುಗೆಮನೆಗೆ ತರಿಸಿಕೊಂಡಳು, ಎರಡು ದಿನ ಬಿಟ್ಟು ಮತ್ತೆ ಹಿತ್ತಿಲಿಗೆ ಹಾಕಿಸಿದಳು. ಅವನಿಗೆ ಗಡ್ಡ ಬೆಳೆಯಿತು, ಕಣ್ಣು ಕೆಂಪಾಯಿತು. ಊಟಕ್ಕೆ ಕೂತಲ್ಲೇ ತೂಕಡಿಸತೊಡಗಿದ. ಕೊನೆಗೆ ಮೀಸೆಯವನು ಆಳುಗಳ ಜೊತೆ ಬಂದು ಅಂಗಳದಲ್ಲಿ ನಿಂತು ಕೂಗಿದ. ನಾವೆಲ್ಲ ಮುಂದಕ್ಕೆ ಬಾಗಿದೆವು. ನಾಯಕ ಜಗಲಿಗೆ ಬಂದು, ನನಗೆ ನಿದ್ದೆ ಬರ್ತಿದೆ ಅಂದು ಒಳಗೆ ಹೋಗಿ ಮಲಗಿಬಿಟ್ಟ. ಮೀಸೆಯವನು ಕತ್ತಲಾಗುವ ತನಕ ಜಗಲಿಯ ಮೇಲೆ ಕೂತಿದ್ದು, ಎದ್ದು ಹೋದ. ಪರದೆಯ ಮೇಲೆ ಶುಭಂ ಬಂತು.

ಸ್ವಲ್ಪ ಹೊತ್ತು ಜನಕ್ಕೆ ಮುಗಿಯಿತು ಅನ್ನುವುದೇ ಗೊತ್ತಾಗಲಿಲ್ಲ. ದೀಪ ಹತ್ತಿದ ಮೇಲೆ ಗಲಾಟೆ ಎದ್ದಿತು. ಮುಂದಿನ ಸಾಲಿನಲ್ಲಿ ಕುರ್ಚಿ ಮುರಿದ ಸದ್ದು ಕೇಳಿ ನಾವು ಹೆಂಗಸರ ಬಾಗಿಲಿನಿಂದ ಬೇಗ ಹೊರಬಿದ್ದೆವು. ನನ್ನ ಮುಖ ನೋಡಿದರೆ ನನ್ನ ಜೊತೆಯವರಿಗೇ ಕೋಪ. ಕೆರೆಗೆ ಎಸೆಯುವುದು ಎಲ್ಲಿ ಅಂತ ಒಬ್ಬಳು ಕೇಳಿದಳು. ನಾನು ನಿರ್ದೇಶಕನನ್ನು ಬಯ್ದೆ. ಅಕ್ಕ ಮಾತ್ರ ಸೆರಗು ಸರಿಮಾಡಿಕೊಂಡು ನಡೆದಳು.

ಮಾರನೆಯ ದಿನ ಬೇಸಿನ್ನಿನ ಮುಂದೆ ಅದೇ ಮಾತು. ಎಲ್ಲರೂ ಒಂದು ಕಡೆ, ಅಕ್ಕ ಒಬ್ಬಳೇ ಒಂದು ಕಡೆ. ಪಿಚ್ಚರ್ ಚೆನ್ನಾಗಿತ್ತು ಅಂದುಬಿಟ್ಟಳು. ನನಗೆ ರೇಗಿತು. ಶಕ್ತಿ ಇರುವವನು ಹೊಡೆಯದೆ ಮಲಗುವುದಾದರೆ ಅದನ್ನು ಟಾಕೀಸಿಗೆ ಹೋಗಿ ಯಾಕೆ ನೋಡಬೇಕು, ನಮ್ಮ ಮನೆ ಗಂಡಸರು ಮಲಗುವುದನ್ನು ನೋಡುತ್ತಿಲ್ಲವೇ ಅಂದೆ. ಎಲ್ಲರೂ ನಕ್ಕರು.

ಅಕ್ಕ ನಗಲಿಲ್ಲ. "ಒಂದ್ಸಲ ಬಸ್ ಎತ್ಬುಟ್ಟ ಅಂತ ಊರೋರೆಲ್ಲ ಅವ್ನ ಹೆಗಲ ಮೇಲೆ ಕೂತ್ಕಂಡ್ರಲ್ಲಮ್ಮಿ. ಒಬ್ರಾದ್ರೂ ಉಂಡ್ಯಾ ಅಂತ ಕೇಳುದ್ರಾ?"

"ಕೇಳೋಕೆ ಅವ್ನೇನು ಕೂಲಿಯವ್ನಾ? ಹೀರೋ ಕಣಕ್ಕ. ಹೀರೋ ಅಂದ್ಮೇಲೆ ಎತ್ತಬೇಕು, ಹೊಡೀಬೇಕು."

"ನೀನು ಕಟ್ಟಿದ್ ಕತೇಲಿ ಹೊಡೀತಾನೆ. ಅವ್ನ ಕತೇಲಿ ಅವ್ನಿಗೆ ಸುಸ್ತು."

ಅಷ್ಟರಲ್ಲಿ ನನ್ನ ಎಳೆ ಕಡಿಯಿತು. "ಅಕ್ಕಾ, ಒಂಚೂರು" ಅಂದೆ. ಅವಳು ಎದ್ದು ಬಂದು ಕೂಡಿಸಿಕೊಟ್ಟಳು. ನಾನು ವಾದ ಮುಂದುವರಿಸಿದೆ. ಆ ದಿನ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಸಿನಿಮಾ ಆ ವಾರವೇ ಚಾಮರಾಜನಗರದಿಂದ ಎತ್ತಂಗಡಿಯಾಯಿತು. ನಮ್ಮಿಬ್ಬರ ನಡುವೆ ಮಾತ್ರ ಅದು ಉಳಿದುಕೊಂಡಿತು. ಜಗಳವೇನಲ್ಲ. ಬಸ್ಸಿನಲ್ಲಿ ಪಕ್ಕಪಕ್ಕವೇ ಕೂರುತ್ತಿದ್ದೆವು, ಆದರೆ ಯಾವುದೇ ಮಾತು ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ನಾನು ಸೋಲುತ್ತಿರಲಿಲ್ಲ, ಅವಳು ಒಪ್ಪುತ್ತಿರಲಿಲ್ಲ.

ಎರಡು ಮೂರು ವಾರ ಕಳೆದಿರಬೇಕು. ಭೀಮನಬೀಡಿನಲ್ಲಿ ಅವಳ ತಾಯಿಗೆ ಮೈ ಸರಿಯಿಲ್ಲವೆಂದು ಹೇಳಿಕಳಿಸಿದ್ದರು. ಒಬ್ಬಳನ್ನೇ ಕಳಿಸಲು ಅವಳ ಅತ್ತೆ ಒಪ್ಪದೆ, ನನ್ನನ್ನು ಜೊತೆಗೆ ಕರೆದುಕೊಂಡು ಹೋಗು ಅಂದರು. ಶನಿವಾರ ಹೋಗಿ ಒಂದು ರಾತ್ರಿ ಇದ್ದು, ಭಾನುವಾರ ಊಟ ಮಾಡಿಕೊಂಡು ಹೊರಟೆವು. ತಾಯಿಗೆ ಅಂಥದ್ದೇನೂ ಇರಲಿಲ್ಲ. ಮಗಳನ್ನು ನೋಡಿದ ಮೇಲೆ ಎದ್ದು ಕೂತು ಅವರೆಕಾಳು ಸುಲಿದು ಕೊಟ್ಟರು.

ಗುಂಡ್ಲುಪೇಟೆಗೆ ಬಂದು ಇಳಿದಾಗ ಹರವೆಯ ಬಸ್ಸು ಆಗಷ್ಟೇ ಹೋಗಿತ್ತು. ನಿಲ್ದಾಣದ ಗೋಡೆಯ ಮೇಲೆ ಲುಂಗಿಯವನು ಅದೇ ಕೆಂಪು ಬಸ್ಸು ಎತ್ತಿಕೊಂಡು ನಿಂತಿದ್ದ. ಸಿನಿಮಾ ಈಗ ಇಲ್ಲಿ ಓಡುತ್ತಿತ್ತು. ಅಕ್ಕ ಪೋಸ್ಟರನ್ನೇ ನೋಡುತ್ತ ನಿಂತಳು. ಇನ್ನೊಂದು ಸಲ ಅದನ್ನು ನೋಡಲು ನನಗೆ ಹುಚ್ಚೇ ಅಂದೆ. ಅವಳು ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ಬಾ ಹೋಗನ. ಸಂಜೆ ಬಸ್ಸಿಗೆ ಊರಿಗೆ ಹೋದ್ರಾಯ್ತು" ಅಂದಳು. ಹೋದೆವು.

ಕೇರಳದ ಕಡೆ ಹೋಗುವ ಲಾರಿಗಳು ನಿಲ್ಲುವ ಊರಾದ್ದರಿಂದ ಟಾಕೀಸಿನಲ್ಲಿ ಮಲಯಾಳದ ಮಾತೂ ಕಿವಿಗೆ ಬೀಳುತ್ತಿತ್ತು. ನಾನು ಸುಮ್ಮನೆ ಕೂತು ಕಡಲೆಕಾಯಿ ತಿನ್ನುತ್ತಿದ್ದೆ. ಸಿಡಿಲು ಬಡಿಯಿತು. ಇನ್ನು ಬಸ್ಸು ಬರಬೇಕು ಅನ್ನುವಾಗ ಬಾವಿಯ ಬಂಡೆ ಬಂತು. ನನಗೆ ಗಲಿಬಿಲಿಯಾಯಿತು. ಮಧ್ಯಂತರವಾದ ಮೇಲೆ ಎರಡು ಹಾಡು, ಮೀಸೆಯವನ ಅಬ್ಬರ, ಆಮೇಲೆ ಥಟ್ಟನೆ ಹಳ್ಳಕ್ಕೆ ಉರುಳಿದ ಬಸ್ಸು. ಒಂದು ದೃಶ್ಯದ ಹಿಂದೆ ಗಡ್ಡ ಬಿಟ್ಟಿದ್ದವನು ನುಣ್ಣಗೆ ಮುಖಕ್ಷೌರ ಮಾಡಿಸಿಕೊಂಡು ಬಂದು ಬಸ್ಸನ್ನು ಎತ್ತಿದ. ಮಕ್ಕಳು ಕೈಬೀಸಿದವು. ಶುಭಂ.

ಮೀಸೆಯವನೇ ಬಸ್ಸನ್ನು ಉರುಳಿಸಿದ, ಇವನು ಬಂದು ಉಳಿಸಿದ ಅನ್ನುವ ಹಾಗೆ ಕತೆ ಕೂಡಿಕೊಂಡಿತ್ತು. ಗಡ್ಡದ ವಿಷಯ ಯಾರೂ ಕೇಳಲಿಲ್ಲ. ಜನ ಕುರ್ಚಿಯ ಮೇಲೆ ಹತ್ತಿ ಶಿಳ್ಳೆ ಹೊಡೆದರು. ನಾನೂ ಚಪ್ಪಾಳೆ ತಟ್ಟಿದೆ. ಇದಲ್ಲವೇ ನಾನು ಹೇಳಿದ್ದು ಅನ್ನಲು ಅಕ್ಕನ ಕಡೆ ತಿರುಗಿದೆ. ಅವಳು ಬಿಳಿಯ ಪರದೆಯನ್ನೇ ನೋಡುತ್ತ ಕೂತಿದ್ದಳು.

"ಅವ್ನ ಸುಸ್ತೇ ತಗ್ದು ಬಿಸಾಕ್ಬುಟ್ರಲ್ಲಮ್ಮಿ" ಅಂದಳು.

ನನ್ನ ಕೈ ತಾನಾಗಿ ನಿಂತಿತು. ನನಗೆ ಬೇಕಾದ ಸಿನಿಮಾವನ್ನು ನನಗೆ ಕೊಟ್ಟಿದ್ದರು, ಅವಳದನ್ನು ಅವಳಿಂದ ಕಿತ್ತುಕೊಂಡಿದ್ದರು. ಎರಡೂ ಒಂದೇ ಕತ್ತರಿಯಲ್ಲಿ ಆದದ್ದು.

ಹೊರಗೆ ಬಂದವಳು ನೇರವಾಗಿ ಟಿಕೆಟ್ ಕಿಟಕಿಯ ಪಕ್ಕದ ಕೋಣೆಗೆ ಹೋದಳು. ನಮ್ಮ ಘಟಕದ ಮೇಸ್ತ್ರಿಯ ಎದುರು ತಲೆ ಎತ್ತದವಳು! ನಾನು ಹಿಂದಿನಿಂದ ಸೆರಗು ಎಳೆದೆ, ಕೇಳಲಿಲ್ಲ. ಒಳಗೆ ಅರ್ಧ ತೋಳಿನ ಅಂಗಿ ತೊಟ್ಟ, ವಯಸ್ಸಾದ ಮ್ಯಾನೇಜರು ಕೂತಿದ್ದರು. ಪಿಚ್ಚರಿನ ಉಳಿದ ಭಾಗ ಎಲ್ಲಿ ಅಂತ ಅಕ್ಕ ಕೇಳಿದಳು. ಅವರು ತಲೆ ಎತ್ತಿ ನಮ್ಮಿಬ್ಬರನ್ನೂ ನೋಡಿದರು. ನಾವು ಚಾಮರಾಜನಗರದಲ್ಲಿ ಮೊದಲೇ ನೋಡಿದ್ದೇವೆ ಅನ್ನುವುದು ಗೊತ್ತಾದ ಮೇಲೆ ಕೂರಲು ಬೆಂಚು ತೋರಿಸಿದರು.

"ನಗರದಲ್ಲಿ ಕುರ್ಚಿ ಮುರುದ್ರು, ಗೊತ್ತಾ? ಇಲ್ಲೂ ಮುರುದ್ರೆ ಆ ಹೀರೋ ಬಂದು ಎತ್ ನಿಲ್ಲಿಸ್ತಾನೇನಮ್ಮ?" ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಜನ ಪೋಸ್ಟರ್ ನೋಡಿ ಬರುತ್ತಾರೆ, ಬಸ್ಸು ಎತ್ತುವುದನ್ನು ನೋಡಲು ಬಂದವರನ್ನು ಬಸ್ಸು ಎತ್ತಿಸಿಯೇ ಮನೆಗೆ ಕಳಿಸಬೇಕು, ಅದಕ್ಕೇ ರೀಲು ಹಿಂದುಮುಂದು ಮಾಡಿಸಿದೆ, ಕೊನೆಯದನ್ನು ಡಬ್ಬಿಯಲ್ಲೇ ಇರಿಸಿದೆ ಎಂದು ವಿವರಿಸಿದರು. ಸ್ವಲ್ಪ ತಡೆದು ಅಕ್ಕನನ್ನೇ ಕೇಳಿದರು. "ಆ ಕೊನೆ ನಿಮ್ಗೆ ಇಷ್ಟ ಆಯ್ತಾ?"

"ಊಂ."

"ನನ್ಗೂ ಆಯ್ತು. ಆದ್ರೆ ನಾನು ಬೆಳಿಗ್ಗೆ ಖಾಲಿ ಟಾಕೀಸಲ್ಲಿ ಒಬ್ನೇ ಕೂತು ನೋಡಿದ್ದು."

ಅವರು ಮೊದಲಿನಂತೆ ತಮ್ಮ ಕೆಲಸಕ್ಕೆ ತಲೆ ಬಗ್ಗಿಸಿದರು. ನಾವು ಬಂದೆವು.

ಬಸ್ ನಿಲ್ದಾಣದಲ್ಲಿ ನಾವು ಕೂತ ಬೆಂಚಿನ ಮೇಲೆ ಒಬ್ಬ ಹಿರಿಯ ಹೆಂಗಸು ಕೂತಿದ್ದಳು. ಅವಳೂ ಅದೇ ಆಟ ನೋಡಿಕೊಂಡು ಬಂದಿದ್ದಳು. ನಮ್ಮ ಮಾತು ಕಿವಿಗೆ ಬಿದ್ದು, ಉಳಿದದ್ದು ಏನಿತ್ತು ಹೇಳಿ ಅಂದಳು. ಅಕ್ಕ ಹೇಳತೊಡಗಿದಳು. ಅವಳು ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ರುಬ್ಬುಗುಂಡಿನ ಮುದುಕಿ, ಕೆಂಪಗಾದ ಕಣ್ಣು, ಕೈಯಲ್ಲೇ ಒಣಗಿದ ತುತ್ತು, ನಾನು ನೋಡಿಯೂ ನೋಡದ ಎಷ್ಟೋ ಅವಳ ಬಾಯಿಂದ ಬಂದವು. ಕೊನೆಗೆ ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಿದ ಅಂದಳು.

"ಬಾಗಿಲು ಹಾಕ್ಲಿಲ್ಲ ಕಣಕ್ಕ. ತೆಗ್ದಿಟ್ಟೇ ಮಲಗ್ದ" ಅಂದೆ ನಾನು.

"ಹಾಕ್ದ ಕಣಮ್ಮಿ. ಚಿಲಕದ ಸದ್ದಾಯ್ತಲ್ಲ."

ನನಗೆ ಚೆನ್ನಾಗಿ ನೆನಪಿತ್ತು. ಮೀಸೆಯವನು ಜಗಲಿಯಲ್ಲಿ ಕೂತಿದ್ದಾಗ ಹಿಂದಿನಿಂದ ಗೊರಕೆ ಕೇಳುತ್ತಿತ್ತು. ಅವನು ಮತ್ತೆ ಮತ್ತೆ ತಿರುಗಿ ತೆರೆದ ಬಾಗಿಲಿನೊಳಗೆ ನೋಡುತ್ತಿದ್ದ, ಎದ್ದು ಒಳಗೆ ಹೋಗುವ ಧೈರ್ಯ ಬರಲಿಲ್ಲ. ಬಾಗಿಲು ತೆರೆದಿದ್ದರಿಂದಲೇ ಅವನು ಸೋತದ್ದು ಎಂದು ನಾನು ಬಿಸಿಬಿಸಿಯಾಗಿ ವಾದಿಸತೊಡಗಿದೆ. ಹಿರಿಯಾಕೆ ನಮ್ಮಿಬ್ಬರನ್ನೂ ನೋಡಿ, ಅದೂ ಒಂದು ಪಿಚ್ಚರ್ರಾ, ಒಂದೇಟು ಬಿಡಬಾರದಿತ್ತಾ ಅಂದಳು. ಮೂರು ವಾರ ನಾನು ಆಡಿದ ಮಾತೇ ಅದು. ಹೌದು ಅನ್ನಲು ಬಾಯಿ ತೆರೆದೆ, ಆದರೆ ಅವನು ಎಷ್ಟು ದಿನದಿಂದ ಮಲಗಿರಲಿಲ್ಲ ಅನ್ನುವುದನ್ನು ಅವಳಿಗೆ ಹೇಳುತ್ತ ಕೂತೆ. ಅಕ್ಕ ಮುಖ ಆ ಕಡೆ ತಿರುಗಿಸಿ ನಕ್ಕಳು.

ಹಾಗಂತ ನಾನು ಒಪ್ಪಿಕೊಂಡುಬಿಟ್ಟೆ ಎಂದೇನಲ್ಲ. ಒಂದೇ ಒಂದು ಏಟು ಇದ್ದರೆ ಆ ಸಿನಿಮಾಕ್ಕೆ ನಷ್ಟವೇನೂ ಆಗುತ್ತಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ. ಬಾಗಿಲಿನ ವಿಷಯ ಇತ್ಯರ್ಥವಾಗಲೇ ಇಲ್ಲ. ಆ ಸಿನಿಮಾ ಮತ್ತೆ ಎಲ್ಲಿಯೂ ಬರಲಿಲ್ಲ, ಟೀವಿಯಲ್ಲೂ ಕಾಣಲಿಲ್ಲ.

ಸೋಮವಾರ ಕೆಲಸಕ್ಕೆ ಕೂತಾಗ ಮೊದಲ ಎಳೆ ಕಡಿದದ್ದು ನನ್ನದೇ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು ನಾನೇ ಹುಡುಕತೊಡಗಿದೆ. ಬಹಳ ಹೊತ್ತು ಹಿಡಿಯಿತು. ಮೇಸ್ತ್ರಿ ಬಂದು ನಿಂತು, ಏನು ನಿದ್ದೆ ಮಾಡ್ತಿದ್ದೀಯ ಅಂತ ಬಯ್ದರು. ಅಕ್ಕ ಒಮ್ಮೆ ಈ ಕಡೆ ನೋಡಿ ತನ್ನ ಕೆಲಸ ಮುಂದುವರಿಸಿದಳು. ಉಳಿದವರು ಅವಳನ್ನು ಕರೆಯುವುದನ್ನು ಬಿಡಲು ಎರಡು ತಿಂಗಳಾಯಿತು. ಅದನ್ನು ಬಿಡಿಸಿದ್ದು ನಾನಲ್ಲ, ಅವಳೇ. ಒಂದು ದಿನ ಯಾರೋ ಕರೆದಾಗ, ಎದ್ದೇಳದೆ, ಇವತ್ತು ನೀನೇ ನೋಡ್ಕೊ ಅಂದಳು. ರಾಟೆಯ ಸದ್ದು ಎಂದಿನಂತೆ ನಡೆಯಿತು.

ಮರುವರ್ಷ ನನಗೆ ಸಂತೆಮರಹಳ್ಳಿಯ ಕಡೆಗೆ ಮದುವೆಯಾಯಿತು. ಹೊರಡುವ ದಿನ ಅಕ್ಕ ಒಂದು ಸ್ಟೀಲ್ ಡಬ್ಬಿಯಲ್ಲಿ ಚಕ್ಕುಲಿ ತುಂಬಿ ತಂದುಕೊಟ್ಟಳು. ದಾರಿಯಲ್ಲಿ ತಿನ್ನು, ಯಾರಿಗೂ ಹಂಚಬೇಡ ಅಂದಳು. ಹಂಚಲಿಲ್ಲ.