ಆಸ್ಪತ್ರೆ ಕಾರಿನ ವಿಲ್ಮಾ
ಗೋಧಿಹೊಲಗಳ ನಡುವೆ ನಿದ್ದೆಯಲ್ಲಿ ತೇಲುವಂತೆ ಹಳ್ಳಿಯ ರೋಗಿಗಳನ್ನು ಕರೆದೊಯ್ದು ತರುವ ಆಸ್ಪತ್ರೆ ಕಾರು ಓಡಿಸುವ ಮುದುಕಿ ವಿಲ್ಮಾಳಿಗೆ ಪರ್ತ್ ನಗರದ ದಾರಿಯ ಒಂದೊಂದು ಕುಳಿಯೂ ನೆಂಟ. ಹಿಂದೆಲ್ಲ ಮುಟ್ಟಿನ ಸ್ರಾವ ಹೆಚ್ಚಾದ ಹೆಂಗಸರು ಗರ್ಭಕೋಶ ತೆಗೆಸಿಕೊಂಡು, ಹೊಟ್ಟೆಗೆ ದಿಂಬು ಒತ್ತಿಕೊಂಡು ಮರಳುವಾಗ, ಎಮು ಹಕ್ಕಿ ನಡೆದೇ ಹಿಂದೆ ಹಾಕುವಷ್ಟು ಮೆಲ್ಲಗೆ ಓಡಿಸುತ್ತಿದ್ದಳು. ಈಗಿನವರು ಸ್ರಾವ ತಗ್ಗಿಸಲು ಗರ್ಭಕೋಶದೊಳಗೆ ಔಷಧಿಯ ಪುಟ್ಟ ವಂಕಿ ಹಾಕಿಸಿಕೊಂಡು ಅದೇ ದಿನ ಬೇಕರಿಯ ಪೈ ತಿನ್ನುತ್ತ ಬರುತ್ತಾರೆ, "ಸ್ವಲ್ಪ ಆಕ್ಸಿಲರೇಟರ್ ಒತ್ತಜ್ಜಿ, ಕುರಿಗಳೂ ನಮ್ಮನ್ನ ದಾಟಿ ಹೋದ್ವು!" ಎಂದು ಛೇಡಿಸುತ್ತಾರೆ. ಇಂದು ಅದೇ ತೊಂದರೆಗೆ ಡಾಕ್ಟರನ್ನು ಕಂಡು ಮರಳುತ್ತ ಪಕ್ಕದಲ್ಲಿ ಕೂತ ಯುವತಿ ಟೆಗನ್ ಮಾತ್ರ ಮೆತ್ತಗೆ ಕೇಳಿದಳು: "ಗರ್ಭಕೋಶ ತೆಗೆಸ್ತೀಯಾ, ವಂಕಿ ಹಾಕಿಸ್ಕೋತೀಯಾ, ನೀನೇ ಹೇಳು ಅಂದ್ರು ಡಾಕ್ಟ್ರು. ನೀನಾಗಿದ್ರೆ ಏನ್ ಮಾಡ್ತಿದ್ದೆ?" ಮೂವತ್ತೊಂದನೇ ವಯಸ್ಸಿಗೇ ಗರ್ಭಕೋಶ ಕಳೆದುಕೊಂಡಿದ್ದ ವಿಲ್ಮಾ ಕಾರಿನ ವೇಗ ಇನ್ನಷ್ಟು ತಗ್ಗಿಸಿದಳು. "ನನ್ನ ಯಾರೂ ಕೇಳ್ಲೇ ಇಲ್ಲ ಕಣೇ. ನಿನ್ನ ಕೇಳಿದಾರೆ. ನಿಧಾನಕ್ಕೆ ಯೋಚ್ನೆ ಮಾಡು," ಎಂದವಳೇ, ನಲವತ್ತು ಕಿಲೋಮೀಟರ್ ಸುತ್ತಾಗುವ ಮಣ್ಣುದಾರಿಗೆ ಕಾರು ತಿರುಗಿಸಿದಳು.